ಎಂಬತ್ತು ಗೋಲು ಹೊಡೆದೂ ಕೆಳಗಿಳಿದ ತಂಡ

ಸೋಲಿನಲ್ಲಿಯೂ ಬಗೆಗಳುಂಟು. ಶಕ್ತಿಯಿಲ್ಲದವನು ಸೋತರೆ ಜನ ‘ಅಯ್ಯೋ ಪಾಪ’ ಎಂದು ಮರೆತುಬಿಡುತ್ತಾರೆ. ಶಕ್ತಿಯಿದ್ದೂ ಸೋಮಾರಿತನದಿಂದ ಸೋತವನನ್ನು ನಾಲ್ಕು ಮಾತು ಬೈದು ಮರೆಯುತ್ತಾರೆ. ಆದರೆ ಶಕ್ತಿಯೂ ಇದ್ದು, ದುಡಿಮೆಯೂ ಇದ್ದು, ನಿನ್ನೆ ತಾನೇ ಕಿರೀಟವನ್ನು ಧರಿಸಿದ್ದವನು ಇಂದು ಎಲ್ಲರ ಕಣ್ಣೆದುರಿಗೇ ಜಾರಿ ಬಿದ್ದರೆ ಅವನನ್ನು ಮಾತ್ರ ಲೋಕ ಮರೆಯಲಾರದು. ‘ಇದು ಹೇಗಾಯಿತು?’ ಎಂಬ ಪ್ರಶ್ನೆ ತಲೆಮಾರುಗಳು ಕಳೆದರೂ ಉಳಿದುಕೊಳ್ಳುತ್ತದೆ.

ಇಂಗ್ಲೆಂಡಿನ ಕಾಲ್ಚೆಂಡಿನ ಚರಿತ್ರೆಯಲ್ಲಿ ಅಂಥ ಪ್ರಶ್ನೆಯೊಂದನ್ನು ಉಳಿಸಿಹೋದ ವರ್ಷ 1937-38. ಆ ವರ್ಷ ದೇಶದ ಮೊದಲ ದರ್ಜೆಯ 22 ತಂಡಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಗೋಲುಗಳನ್ನು ಹೊಡೆದ ತಂಡ ಮ್ಯಾಂಚೆಸ್ಟರ್ ಸಿಟಿ. ಹಿಂದಿನ ವರ್ಷದ ಚಾಂಪಿಯನ್ ತಂಡವೂ ಅದೇ. ಆದರೆ ಋತು ಮುಗಿದಾಗ ಅದು ನಿಂತಿದ್ದುದು 21ನೆಯ ಸ್ಥಾನದಲ್ಲಿ! ನಿಯಮದಂತೆ ಮೂಟೆ ಕಟ್ಟಿಕೊಂಡು ಎರಡನೆಯ ದರ್ಜೆಗೆ ಇಳಿಯಬೇಕಾಯಿತು. 1888ರಲ್ಲಿ ಆರಂಭವಾದ ಇಂಗ್ಲಿಷ್ ಲೀಗ್ ಪಂದ್ಯಾವಳಿಯಲ್ಲಿ ಪಟ್ಟವೇರಿದ ತಂಡವೊಂದು ಮರುವರ್ಷವೇ ಮೊದಲ ದರ್ಜೆಯಿಂದ ಹೊರಬಿದ್ದುದು ಅದೊಂದೇ ಸಲ. ಇಂದಿಗೂ ಆ ದಾಖಲೆಗೆ ಪಾಲುದಾರರಿಲ್ಲ.

ಕಿರೀಟದ ವರ್ಷ

ಮ್ಯಾಂಚೆಸ್ಟರ್ ಎಂದೊಡನೆ ನಮ್ಮ ಹಿರಿಯರ ನೆನಪಿಗೆ ಬರುತ್ತಿದ್ದುದು ಹತ್ತಿಯ ಗಿರಣಿಗಳು. ಅಲ್ಲಿಂದ ಬಂದ ಬಟ್ಟೆಯನ್ನು ಬಿಟ್ಟು ಖಾದಿಯನ್ನುಟ್ಟ ತಲೆಮಾರು ನಮ್ಮದು. ಆ ಊರಿನ ದುಡಿಯುವ ಜನಕ್ಕೆ ಶನಿವಾರದ ಮಧ್ಯಾಹ್ನವೆಂದರೆ ಕಾಲ್ಚೆಂಡಿನ ಹೊತ್ತು. ಸಿಟಿ ತಂಡದ ಆಟದ ಮೈದಾನ ಮೇನ್ ರೋಡ್, 1923ರಲ್ಲಿ ತೆರೆದುದು. 1934ರ ಮಾರ್ಚಿ 3ರಂದು ಸ್ಟೋಕ್ ತಂಡದೊಡನೆ ನಡೆದ ಕಪ್ ಪಂದ್ಯವೊಂದಕ್ಕೆ ಅಲ್ಲಿ ನೆರೆದ ಪ್ರೇಕ್ಷಕರ ಸಂಖ್ಯೆ 84,569. ಆ ವರ್ಷವೇ ಸಿಟಿ ತಂಡ ಇಂಗ್ಲೆಂಡಿನ ಎಫ್.ಎ. ಕಪ್ಪನ್ನು ಗೆದ್ದಿತು. ಅಂತಿಮ ಪಂದ್ಯ ಮುಗಿದ ಸೀಟಿ ಕೇಳುತ್ತಲೇ ಇಪ್ಪತ್ತು ವರ್ಷದ ಗೋಲ್‌ಕೀಪರ್ ಫ್ರಾಂಕ್ ಸ್ವಿಫ್ಟ್ ಮೂರ್ಛೆ ಹೋಗಿ ಮೈದಾನದಲ್ಲಿಯೇ ಕುಸಿದನು. ಆ ತಂಡದವರು ಆಟವನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಲೀಗಿನ ಚಾಂಪಿಯನ್ ಪಟ್ಟ ಮಾತ್ರ ಅದುವರೆಗೆ ಅವರ ಕೈಗೆ ಸಿಕ್ಕಿರಲಿಲ್ಲ. 1936ರ ಫೆಬ್ರವರಿಯಲ್ಲಿ 10,000 ಪೌಂಡು ತೆತ್ತು ಬ್ಲ್ಯಾಕ್‌ಪೂಲ್ ತಂಡದಿಂದ ಪೀಟರ್ ಡೊಹರ್ಟಿ ಎಂಬ ಐರಿಷ್ ಆಟಗಾರನನ್ನು ಕರೆತಂದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಎಡದ ಅಂಚಿನಲ್ಲಿ ಎರಿಕ್ ಬ್ರೂಕ್, ನಡುವೆ ಅಲೆಕ್ ಹರ್ಡ್, ಹಿಂದೆ ಸ್ಯಾಮ್ ಬಾರ್ಕಾಸ್, ಗೋಲಿನ ಬಾಯಲ್ಲಿ ಸ್ವಿಫ್ಟ್. ಹೀಗೆ ಒಂದೊಂದು ಜಾಗಕ್ಕೂ ಹೆಸರುವಾಸಿಯಾದವರೇ ಇದ್ದರು.

1936ರ ಕ್ರಿಸ್‌ಮಸ್ ದಿನ ಗ್ರಿಮ್ಸ್‌ಬಿಯಲ್ಲಿ ಈ ತಂಡ 3-5ರಿಂದ ಸೋತಿತು. ಅಲ್ಲಿಂದ ಮುಂದೆ ಋತು ಮುಗಿಯುವವರೆಗೆ 22 ಪಂದ್ಯಗಳನ್ನಾಡಿ ಒಂದರಲ್ಲಿಯೂ ಸೋಲಲಿಲ್ಲ. 1937ರ ಏಪ್ರಿಲಿನಲ್ಲಿ ಷೆಫೀಲ್ಡ್ ವೆನ್ಸ್‌ಡೇ ತಂಡವನ್ನು 4-1ರಿಂದ ಸೋಲಿಸಿದಾಗ ಪಟ್ಟ ಸಿಟಿಯದಾಯಿತು. ಒಟ್ಟು 57 ಅಂಕ, 107 ಗೋಲು. ಡೊಹರ್ಟಿಯೊಬ್ಬನೇ ಹೊಡೆದವು 30. ಅದೇ ವರ್ಷ ಅದೇ ಊರಿನ ಇನ್ನೊಂದು ತಂಡವಾದ ಮ್ಯಾಂಚೆಸ್ಟರ್ ಯುನೈಟೆಡ್ 32 ಅಂಕಗಳೊಡನೆ ಎರಡನೆಯ ದರ್ಜೆಗೆ ಇಳಿಯಿತು. ಊರಿನ ಅರ್ಧ ಜನಕ್ಕೆ ಹಬ್ಬ, ಇನ್ನರ್ಧಕ್ಕೆ ಸೂತಕ.

ಬಡ್ತಿ ಮತ್ತು ಹಿಂಬಡ್ತಿ

ಈ ಆಟದ ಪದ್ಧತಿಯನ್ನು ಬಲ್ಲವರು ಕ್ಷಮಿಸಬೇಕು; ಅರಿಯದ ವಾಚಕರಿಗಾಗಿ ಎರಡು ಮಾತು. ನಮ್ಮ ಕಚೇರಿಗಳಲ್ಲಿ ಬಡ್ತಿಯುಂಟು, ಹಿಂಬಡ್ತಿ ಅಪರೂಪ. ಇಂಗ್ಲೆಂಡಿನ ಕಾಲ್ಚೆಂಡಿನಲ್ಲಿ ಎರಡೂ ವರ್ಷವರ್ಷವೂ ತಪ್ಪದೆ ನಡೆಯುತ್ತವೆ. ಅಲ್ಲಿ ಮೇಲಧಿಕಾರಿಯ ಮರ್ಜಿ ನಡೆಯದು, ಅಂಕಪಟ್ಟಿಯೇ ಅಧಿಕಾರಿ. ಆ ದಿನಗಳಲ್ಲಿ ಪ್ರತಿಯೊಂದು ತಂಡವೂ ಉಳಿದ 21 ತಂಡಗಳೊಡನೆ ತನ್ನ ಊರಿನಲ್ಲೊಮ್ಮೆ, ಅವರ ಊರಿನಲ್ಲೊಮ್ಮೆ ಆಡುತ್ತಿದ್ದಿತು. ಒಟ್ಟು 42 ಪಂದ್ಯಗಳು. ಗೆದ್ದರೆ ಎರಡು ಅಂಕ, ಸಮನಾದರೆ ಒಂದು, ಸೋತರೆ ಸೊನ್ನೆ. ಎರಡು ತಂಡಗಳ ಅಂಕಗಳು ಸಮನಾದರೆ, ಹೊಡೆದ ಗೋಲುಗಳನ್ನು ತಿಂದ ಗೋಲುಗಳಿಂದ ಭಾಗಿಸಿ ಯಾರದು ಹೆಚ್ಚೆಂದು ನೋಡುತ್ತಿದ್ದರು. ಕೊನೆಯ ಎರಡು ತಂಡಗಳು ಕೆಳಗೆ. ಎರಡನೆಯ ದರ್ಜೆಯ ಮೊದಲ ಎರಡು ತಂಡಗಳು ಮೇಲಕ್ಕೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಒಂದು ಗೋಲಿನಿಂದ ಗೆದ್ದರೂ ಎರಡೇ ಅಂಕ, ಏಳು ಗೋಲು ಹೊಡೆದು ಗೆದ್ದರೂ ಎರಡೇ ಅಂಕ. ಈ ಪುಟ್ಟ ನಿಯಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಕಥೆಯ ಕೀಲಿಕೈ ಇರುವುದು ಇಲ್ಲಿಯೇ.

ರಾಜನ ಗಳಿಕೆ, ರಾಜನ ಖರ್ಚು

1937ರ ಬೇಸಿಗೆ ಕಳೆದು ಹೊಸ ಋತು ಆರಂಭವಾದಾಗ ತಂಡದ ಹಿರಿತಲೆಗಳು ಇದ್ದಲ್ಲಿಯೇ ಇದ್ದರು. ಸ್ವಿಫ್ಟ್, ಬಾರ್ಕಾಸ್, ಬ್ರೂಕ್, ಹರ್ಡ್, ಡೊಹರ್ಟಿ ಎಲ್ಲರೂ ಅವರೇ. ಕಾರ್ಯದರ್ಶಿಯೂ ವ್ಯವಸ್ಥಾಪಕನೂ ಆಗಿದ್ದ ವಿಲ್ಫ್ ವೈಲ್ಡ್ ಕೂಡ ಬದಲಾಗಲಿಲ್ಲ. ನವೆಂಬರ್ 4ರಂದು ಕಪ್ ವಿಜೇತರಾದ ಸಂಡರ್‌ಲೆಂಡ್ ತಂಡವನ್ನು 2-0ರಿಂದ ಸೋಲಿಸಿ ‘ಚಾರಿಟಿ ಷೀಲ್ಡ್’ ಗೌರವವನ್ನೂ ಗಳಿಸಿದರು. ಕಪ್ ಪಂದ್ಯಗಳಲ್ಲಿ ಕಡೆಯ ಎಂಟು ತಂಡಗಳ ಸುತ್ತಿನವರೆಗೂ ಹೋಗಿ, ಆಗ ಎರಡನೆಯ ದರ್ಜೆಯಲ್ಲಿದ್ದ ಆಸ್ಟನ್ ವಿಲ್ಲಾ ತಂಡಕ್ಕೆ ಸೋತರು. ಮುಳುಗುವ ಹಡಗಿನ ಲಕ್ಷಣಗಳೇ ಇವು?

ಆ ವರ್ಷದ ದೊಡ್ಡ ಗೆಲುವುಗಳನ್ನು ನೋಡಿರಿ. ಡರ್ಬಿ ಕೌಂಟಿಯ ಮೇಲೆ ಒಮ್ಮೆ 6-1, ಇನ್ನೊಮ್ಮೆ ಅವರ ಊರಿಗೇ ಹೋಗಿ 7-1. ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಮೇಲೆ 7-1. ಲೀಡ್ಸ್ ಮೇಲೆ 6-2. ಪ್ರೇಕ್ಷಕರು ಟೋಪಿ ತೂರಿ ಕುಣಿದಿರಬೇಕು! ಆದರೆ ಮನೆಯ ಯಜಮಾನಿಯಂತೆ ತಿಂಗಳ ಕೊನೆಗೆ ಲೆಕ್ಕ ಹಾಕೋಣ. ಈ ನಾಲ್ಕು ಪಂದ್ಯಗಳಲ್ಲಿ ಹೊಡೆದ ಗೋಲುಗಳು 26. ಕೈಗೆ ಬಂದ ಅಂಕಗಳು ಎಂಟು. ಉಳಿದ 38 ಪಂದ್ಯಗಳಲ್ಲಿ ಹೊಡೆದವು 54, ತಿಂದವು 72. ಆ 38ರಲ್ಲಿ ಗೆದ್ದವು 10, ಸಮನಾದವು 8, ಸೋತವು 20.

ಗುಟ್ಟು ಬಯಲಾಯಿತಲ್ಲವೇ? ಎಂಬತ್ತು ಗೋಲೆಂಬುದು ದೂರದಿಂದ ನೋಡಿದಾಗ ದೊಡ್ಡ ಗಳಿಕೆ. ಹತ್ತಿರ ಹೋಗಿ ನೋಡಿದರೆ ಮೂರರಲ್ಲೊಂದು ಪಾಲು ನಾಲ್ಕೇ ದಿನಗಳಲ್ಲಿ ಬಂದುದು. ಬೇಕಾದ ದಿನ ಪೆಟ್ಟಿಗೆ ಬರಿದು. ಒಂದು ಶನಿವಾರ ಏಳು ಗೋಲು ಹೊಡೆದವರು ಅವುಗಳಲ್ಲಿ ಎರಡನ್ನು ಮುಂದಿನ ಶನಿವಾರಕ್ಕೆ ಎತ್ತಿಡುವಂತಿಲ್ಲ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದು ನಮ್ಮ ಹಿರಿಯರು ಹೇಳಿದ್ದು ಕಾಲ್ಚೆಂಡನ್ನು ನೋಡಿ ಅಲ್ಲ. ಆದರೂ ಸಿಟಿಯ ಆ ವರ್ಷಕ್ಕೆ ಅದಕ್ಕಿಂತ ಒಪ್ಪುವ ಮಾತಿಲ್ಲ.

ಖರ್ಚಿನ ಕಡೆಯೂ ಕಣ್ಣು ಹಾಯಿಸಬೇಕು. ಕಿರೀಟದ ವರ್ಷ ಅವರು ತಿಂದ ಗೋಲುಗಳು 61. ಈ ವರ್ಷ 77. ಈ ಸಲ ಪಟ್ಟವೇರಿದ ಆರ್ಸೆನಲ್ ತಂಡ ಹೊಡೆದದ್ದೂ 77, ಸಿಟಿಗಿಂತ ಮೂರು ಕಡಿಮೆ. ಆದರೆ ಆರ್ಸೆನಲ್ ತಿಂದವು ಬರಿಯ 44. ಇವೆರಡು ತಂಡಗಳ ನಡುವಣ ವ್ಯತ್ಯಾಸವೆಲ್ಲ ಹಿತ್ತಿಲ ಬಾಗಿಲಿನದು. ಒಂದು ಮನೆಯವರು ರಾತ್ರಿ ಅಗುಳಿ ಹಾಕಿ ಮಲಗಿದರು. ಇನ್ನೊಂದು ಮನೆಯವರು ಹಾಕಲಿಲ್ಲ.

ಬರ್ಮಿಂಗ್‌ಹ್ಯಾಮ್ ತಂಡದ ಕಥೆ ಇದಕ್ಕೆ ತದ್ವಿರುದ್ಧ. ಇಡೀ ವರ್ಷದಲ್ಲಿ ಆ ತಂಡ ಗೆದ್ದ ಪಂದ್ಯಗಳು ಹತ್ತೇ ಹತ್ತು. ಸಿಟಿ ಗೆದ್ದವು ಹದಿನಾಲ್ಕು. ಆದರೂ ಬರ್ಮಿಂಗ್‌ಹ್ಯಾಮ್ ಉಳಿಯಿತು, ಸಿಟಿ ಇಳಿಯಿತು. ಏಕೆಂದರೆ ಬರ್ಮಿಂಗ್‌ಹ್ಯಾಮಿನವರು 18 ಪಂದ್ಯಗಳನ್ನು ಸಮ ಮಾಡಿಕೊಂಡು, ಪ್ರತಿಯೊಂದರಿಂದಲೂ ಒಂದೊಂದು ಅಂಕವನ್ನು ಆಯ್ದು ಸೆರಗಿಗೆ ಕಟ್ಟಿಕೊಂಡಿದ್ದರು. ಹನಿ ಹನಿಗೂಡಿ ಹಳ್ಳವಾಯಿತು. ಅವರ ಆಟ ಯಾರ ಬಾಯಲ್ಲಿಯೂ ಉಳಿಯಲಿಲ್ಲ. ಅವರ ತಂಡ ಮಾತ್ರ ಮೊದಲ ದರ್ಜೆಯಲ್ಲಿ ಉಳಿಯಿತು.

ಮೇ 7ರ ಮಧ್ಯಾಹ್ನ

ಆ ವರ್ಷ ಪಟ್ಟಿಯ ಮೇಲಿನವರಿಗೂ ಕೆಳಗಿನವರಿಗೂ ಅಂತರ ಬಹಳ ಕಿರಿದಾಗಿದ್ದಿತು. ಹಿಂದಿನ ವರ್ಷ ಚಾಂಪಿಯನ್ನರಿಗೂ 21ನೆಯವರಿಗೂ ನಡುವೆ 25 ಅಂಕಗಳಿದ್ದರೆ, ಈ ಸಲ ಅದು 16ಕ್ಕೆ ಇಳಿದಿದ್ದಿತು. ಹಾಗಾಗಿ ಕೊನೆಯ ದಿನದವರೆಗೂ ಹಲವು ತಂಡಗಳ ಕುತ್ತಿಗೆಯ ಮೇಲೆ ಕತ್ತಿ ತೂಗುತ್ತಲೇ ಇದ್ದಿತು.

1938ರ ಮೇ 7. ಸಿಟಿ ತಂಡ ಹಡರ್ಸ್‌ಫೀಲ್ಡ್ ಟೌನ್ ತಂಡದ ಲೀಡ್ಸ್ ರೋಡ್ ಮೈದಾನಕ್ಕೆ ಬಂದಿತು. ಎದುರಾಳಿಯೂ ಸಾಮಾನ್ಯ ತಂಡವಲ್ಲ. 1924, 1925, 1926 ಹೀಗೆ ಮೂರು ವರ್ಷ ಒಂದೇ ಸಮನೆ ಚಾಂಪಿಯನ್ನಾಗಿದ್ದ ಮನೆತನಸ್ಥ ತಂಡ. ಅದಕ್ಕೂ ಆಗ ಹಿಂಬಡ್ತಿಯ ಭಯ. ಸಾಲದುದಕ್ಕೆ ಹಿಂದಿನ ವಾರವೇ, ಏಪ್ರಿಲ್ 30ರಂದು, ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಹೆಚ್ಚುವರಿ ಅವಧಿಯ ಕೊನೆಯ ನಿಮಿಷದಲ್ಲಿ ಪ್ರೆಸ್ಟನ್ ತಂಡದ ಜಾರ್ಜ್ ಮಚ್ ಹೊಡೆದ ಒಂದು ಪೆನಾಲ್ಟಿ ಗೋಲಿನಿಂದ ಸೋತು ಬಂದಿದ್ದರು. ಗಾಯದ ಮೇಲೆ ಬರೆ ಬೀಳುವುದೋ ಎಂದು ನಡುಗುತ್ತಿದ್ದ ಹಡರ್ಸ್‌ಫೀಲ್ಡಿನ ಖಾತೆಯಲ್ಲಿ 37 ಅಂಕ. ಸಿಟಿಯ ಖಾತೆಯಲ್ಲಿ 36.

ಇಡೀ ವರ್ಷ ಗೋಲುಗಳ ಮಳೆಗರೆದ ತಂಡಕ್ಕೆ ಆ ಮಧ್ಯಾಹ್ನ ಒಂದು ಗೋಲೂ ಒಲಿಯಲಿಲ್ಲ. ಹಡರ್ಸ್‌ಫೀಲ್ಡಿಗೆ ಒಂದು ಒಲಿಯಿತು. 1-0. ಆಟ ಮುಗಿಯಿತು.

ಕೊನೆಯ ಪಟ್ಟಿಯಲ್ಲಿ ಸ್ಟೋಕ್, ಬರ್ಮಿಂಗ್‌ಹ್ಯಾಮ್, ಪೋರ್ಟ್ಸ್‌ಮತ್, ಗ್ರಿಮ್ಸ್‌ಬಿ ಈ ನಾಲ್ಕಕ್ಕೂ 38 ಅಂಕ. ಸಿಟಿಗೆ 36. ಅಷ್ಟೇ ಅಂಕ ಪಡೆದ ವೆಸ್ಟ್ ಬ್ರಾಮಿಚ್ ಕೊನೆಯ ಸ್ಥಾನದಲ್ಲಿ. ಸಿಟಿಯವರು 7-1ರಿಂದ ಬಗ್ಗುಬಡಿದಿದ್ದ ತಂಡವೇ ಈಗ ಕೆಳಗಿಳಿಯುವ ದಾರಿಯಲ್ಲಿ ಅವರಿಗೆ ಜೊತೆಯಾಯಿತು. ಆ ದಿನ ಸಿಟಿ ಒಂದೇ ಗೋಲಿನ ಅಂತರದಿಂದ ಗೆದ್ದಿದ್ದರೆ 38 ಅಂಕಗಳಾಗಿ, ಗೋಲುಗಳ ಭಾಗಲಬ್ಧದ ಬಲದಿಂದ ಆ ನಾಲ್ಕೂ ತಂಡಗಳನ್ನು ಹಿಂದಿಕ್ಕಿ 16ನೆಯ ಸ್ಥಾನದಲ್ಲಿ ನಿಲ್ಲುತ್ತಿದ್ದಿತು, ಹಡರ್ಸ್‌ಫೀಲ್ಡ್ ಕೆಳಗಿಳಿಯುತ್ತಿದ್ದಿತು. ಕೂಡಿಟ್ಟ ಎಂಬತ್ತು ಗೋಲುಗಳು ಕೆಲಸಕ್ಕೆ ಬರಲು ಇನ್ನೊಂದು ಗೆಲುವು ಬೇಕಿದ್ದಿತು. ಅದೇ ಬರಲಿಲ್ಲ.

ವಿಧಿಯ ಚೇಷ್ಟೆ ಇಷ್ಟಕ್ಕೇ ಮುಗಿಯಲಿಲ್ಲ. ಅದೇ ಋತುವಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎರಡನೆಯ ದರ್ಜೆಯಿಂದ ಮೇಲಕ್ಕೇರಿ ಬಂದಿತು. ಹಬ್ಬವೂ ಸೂತಕವೂ ಒಂದೇ ವರ್ಷದಲ್ಲಿ ಮನೆ ಬದಲಾಯಿಸಿಕೊಂಡುವು.

ಎರಡು ಅಂಕಗಳ ಬೆಲೆ

ಇಂದಿನ ವೃತ್ತಿ ಆಟಗಾರರ ಕೋಟಿಗಟ್ಟಲೆ ಆದಾಯವನ್ನು ಕೇಳಿ ಬಲ್ಲ ನಮಗೆ ಅಂದಿನವರ ಬಾಳು ಬೇರೆಯೇ ಲೋಕದ್ದೆನಿಸುತ್ತದೆ. ಎಷ್ಟೇ ದೊಡ್ಡ ಆಟಗಾರನಾದರೂ ಋತುವಿನಲ್ಲಿ ವಾರಕ್ಕೆ ಎಂಟು ಪೌಂಡು, ಬೇಸಿಗೆಯಲ್ಲಿ ಆರು ಪೌಂಡು. ಅದಕ್ಕಿಂತ ಹೆಚ್ಚು ಕೊಡಕೂಡದೆಂದು ಲೀಗಿನ ಕಟ್ಟಳೆ. 10,000 ಪೌಂಡಿಗೆ ಕೈಬದಲಾದ ಡೊಹರ್ಟಿಯೂ ಈ ಕಟ್ಟಳೆಗೆ ಹೊರತಲ್ಲ. ತಂಡ ಬಿಡುಗಡೆ ಮಾಡದೆ ಆಟಗಾರ ಬೇರೆ ಕಡೆಗೆ ಹೋಗುವಂತೆಯೂ ಇರಲಿಲ್ಲ. ಸಂಬಳದ ಆ ಮಿತಿ ರದ್ದಾದುದು 1961ರಲ್ಲಿ. ಹಣ ಕೂಡಿಡಲಾಗದ ಇಂಥ ದುಡಿಮೆಯಲ್ಲಿ ಆಟಗಾರನಿಗೆ ಇದ್ದ ಆಸ್ತಿ ಒಂದೇ. ಕಾಲಿನಲ್ಲಿ ಕಸುವಿರುವ ಹತ್ತು ಹನ್ನೆರಡು ವರ್ಷಗಳು.

ಆ ಆಸ್ತಿಯೇ ಕರಗಿಹೋಯಿತು. 1938-39ರಲ್ಲಿ ಸಿಟಿ ಎರಡನೆಯ ದರ್ಜೆಯಲ್ಲಿ ಐದನೆಯದಾಗಿ ನಿಂತು ಬಡ್ತಿಯನ್ನು ತಪ್ಪಿಸಿಕೊಂಡಿತು. ಮರುವರ್ಷ ಮೂರು ಪಂದ್ಯಗಳು ಮುಗಿಯುವಷ್ಟರಲ್ಲಿ ಮಹಾಯುದ್ಧ ಬಂದು ಲೀಗೇ ನಿಂತಿತು. ಶಾಂತಿ ಮರಳಿದ ಮೇಲೆ, 1946-47ರಲ್ಲಿ, ತಂಡ ಎರಡನೆಯ ದರ್ಜೆಯನ್ನು ಗೆದ್ದು ಮತ್ತೆ ಮೊದಲ ದರ್ಜೆಗೆ ಕಾಲಿಟ್ಟಾಗ 1938ರ ಆ ಮಧ್ಯಾಹ್ನಕ್ಕೆ ಒಂಬತ್ತು ವರ್ಷಗಳಾಗಿದ್ದುವು. ಎರಡು ಅಂಕಗಳಿಗೆ ಒಂಬತ್ತು ವರ್ಷ! ಈ ಬಡ್ಡಿಯನ್ನು ಯಾವ ಸಾಹುಕಾರನೂ ಕೇಳಿರಲಾರ.

ತಂಡದ ಪರವಾಗಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದಿದ್ದ ಬ್ರೂಕ್ ಮತ್ತೆಂದೂ ಮೊದಲ ದರ್ಜೆಯಲ್ಲಿ ಆಡಲಿಲ್ಲ. ಯುದ್ಧದ ಆರಂಭದ ದಿನಗಳಲ್ಲಿ ಮೋಟಾರು ಅಪಘಾತವೊಂದರಲ್ಲಿ ತಲೆಗೆ ಪೆಟ್ಟು ಬಿದ್ದು ಆತನ ಆಟವೇ ಮುಗಿಯಿತು. ಡೊಹರ್ಟಿ 1945ರಲ್ಲಿ ಡರ್ಬಿ ಕೌಂಟಿಗೆ ಹೋದನು. ತಾನು ಹಿಂದೆ ಹದಿಮೂರು ಗೋಲುಗಳಿಂದ ಹಣ್ಣುಮಾಡಿದ್ದ ತಂಡದ ಅಂಗಿಯನ್ನೇ ತೊಟ್ಟು 1946ರ ಎಫ್.ಎ. ಕಪ್ಪನ್ನು ಗೆದ್ದನು. ಸ್ವಿಫ್ಟ್ ಮಾತ್ರ ಸಿಟಿಯಲ್ಲಿಯೇ ಉಳಿದು, ಇಳಿದ ತಂಡ ಮತ್ತೆ ಏರುವುದನ್ನು ಕಂಡನು. ಇಂಗ್ಲೆಂಡಿನ ನಾಯಕನೂ ಆದನು. ಆಟ ಬಿಟ್ಟ ಮೇಲೆ ಪತ್ರಿಕಾ ವರದಿಗಾರನಾಗಿ 1958ರ ಫೆಬ್ರವರಿ 6ರಂದು ಮ್ಯೂನಿಕ್ ನಗರದ ವಿಮಾನ ದುರಂತದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರೊಡನೆ ತೀರಿಕೊಂಡನು.

ಇನ್ನೊಂದು ಮಾತನ್ನೂ ಗಮನಿಸಬೇಕು. ಇಂದಾಗಿದ್ದರೆ ಇಂಥ ಸೋಲಿಗೆ ಮೊದಲ ಬಲಿ ತಂಡದ ವ್ಯವಸ್ಥಾಪಕ; ನಾಲ್ಕು ಪಂದ್ಯ ಸೋತರೆ ಬೀಳ್ಕೊಡುಗೆಯ ಸಿದ್ಧತೆ ನಡೆಯುತ್ತದೆ. ವಿಲ್ಫ್ ವೈಲ್ಡ್‌ನನ್ನು ಯಾರೂ ಓಡಿಸಲಿಲ್ಲ. ಪಟ್ಟ ಕಟ್ಟಿಸಿದವನೂ ಆತನೇ, ಪಟ್ಟ ಕಳೆದವನೂ ಆತನೇ ಎಂದು ಊರು ಒಪ್ಪಿಕೊಂಡಿತು. 1946ರವರೆಗೆ ಆ ಹೊಣೆ ಆತನ ಹೆಗಲ ಮೇಲೆಯೇ ಇದ್ದಿತು.

ಪಟ್ಟಿಯಲ್ಲಿ ಬರೆಯದ ಸಂಗತಿ

ನಿಯಮ ಬೇರೆಯಾಗಿದ್ದರೆ? ಗೆದ್ದವರಿಗೆ ಮೂರು ಅಂಕ ಕೊಡುವ ಪದ್ಧತಿ ಇಂಗ್ಲೆಂಡಿನಲ್ಲಿ ಬಂದುದು 1981ರಲ್ಲಿ. ಕುತೂಹಲಕ್ಕಾಗಿ ಆ ಅಳತೆಗೋಲನ್ನು 1938ರ ಪಟ್ಟಿಗೆ ಹಿಡಿದರೆ ಸಿಟಿಗೆ 50 ಅಂಕ, ವೆಸ್ಟ್ ಬ್ರಾಮಿಚ್‌ಗೆ 50, ಬರ್ಮಿಂಗ್‌ಹ್ಯಾಮಿಗೆ 48. ಗೋಲುಗಳ ಲೆಕ್ಕದಲ್ಲಿ ವೆಸ್ಟ್ ಬ್ರಾಮಿಚ್‌ಗಿಂತ ಮುಂದಿದ್ದ ಸಿಟಿ ಉಳಿಯುತ್ತಿದ್ದಿತು! ಆದರೆ ಇದು ಅತ್ತೆಗೆ ಮೀಸೆ ಬಂದರೆ ಮಾವ ಎಂಬಂಥ ವಾದ. ನಿಯಮ ಹಾಗಿದ್ದಿದ್ದರೆ ಬರ್ಮಿಂಗ್‌ಹ್ಯಾಮಿನವರೂ ಬೇರೆ ರೀತಿಯಲ್ಲಿ ಆಡುತ್ತಿದ್ದರು. ಆಟಕ್ಕೆ ಇಳಿಯುವ ಮುನ್ನ ಎಲ್ಲರೂ ಒಪ್ಪಿದ ನಿಯಮವನ್ನು ಆಟ ಮುಗಿದ ಮೇಲೆ ದೂರುವುದು ಸಲ್ಲದು.

ಹಾಗೆಂದು ಅಂಕಪಟ್ಟಿ ಎಲ್ಲವನ್ನೂ ಅಳೆಯುತ್ತದೆಯೇ? 1937ರ ಮೇ ತಿಂಗಳಲ್ಲಿ, ಪಟ್ಟವೇರಿದ ಹೊಸದರಲ್ಲಿ, ಸಿಟಿ ತಂಡ ಹಿಟ್ಲರನ ಜರ್ಮನಿಗೆ ಪ್ರವಾಸ ಹೋಗಿದ್ದಿತು. ಪಂದ್ಯಕ್ಕೆ ಮುನ್ನ ಕೈ ಚಾಚಿ ನಾಜಿ ವಂದನೆ ಸಲ್ಲಿಸಬೇಕೆಂಬ ಅಪೇಕ್ಷೆ ಬಂದಾಗ ಆಟಗಾರರು ಒಪ್ಪಲಿಲ್ಲ. ಕೈಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತರು. ಸಿಟಿ ಕೆಳಗಿಳಿದ ಒಂದು ವಾರಕ್ಕೆ, 1938ರ ಮೇ 14ರಂದು, ಬರ್ಲಿನ್ನಿನಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ತಂಡ ಅದೇ ವಂದನೆಯನ್ನು ಸಲ್ಲಿಸಿ ಪಂದ್ಯವನ್ನು 6-3ರಿಂದ ಗೆದ್ದಿತು. ಆ ಗೆಲುವಿನ ಅಂಕಿಗಳನ್ನು ನೆನೆಯುವವರು ಇಂದು ವಿರಳ. ಚಾಚಿದ ಕೈಗಳ ಆ ಚಿತ್ರವನ್ನು ಇಂಗ್ಲೆಂಡು ಇನ್ನೂ ನಾಚಿಕೆಯಿಂದ ನೆನೆಯುತ್ತದೆ. ಸೋತ ತಂಡವೆಂದು ಪಟ್ಟಿಯಲ್ಲಿ ಬರೆಸಿಕೊಂಡವರಿಗೆ ಅಂಥ ನಾಚಿಕೆಯ ಹೊರೆಯಿಲ್ಲ.

ಕಾಲ ಉರುಳಿತು. ಮೇನ್ ರೋಡ್ ಮೈದಾನದಿಂದ ಸಿಟಿ ತಂಡ 2003ರಲ್ಲಿ ಹೊರಬಿದ್ದಿತು; ಸಿರಿವಂತರ ಕೈಸೇರಿ ಪಟ್ಟಗಳ ಮೇಲೆ ಪಟ್ಟಗಳನ್ನು ಗೆದ್ದಿತು. 2012ರ ಮೇ 13ರಂದು ಲೀಗ್ ಮುಗಿದಾಗ ಸಿಟಿಗೂ ಯುನೈಟೆಡ್‌ಗೂ ಸಮಸಮವಾಗಿ 89 ಅಂಕಗಳಿದ್ದುವು. ಆಗ ತೂಗಿ ನೋಡಿದ್ದು ಗೋಲುಗಳನ್ನು. ಹೊಡೆದ ಗೋಲುಗಳಿಂದ ತಿಂದವನ್ನು ಕಳೆದಾಗ ಸಿಟಿಗೆ 64, ಯುನೈಟೆಡ್‌ಗೆ 56. ಕಿರೀಟ ಸಿಟಿಗೆ ಸಂದಿತು. ಕೊನೆಯ ಗಳಿಗೆಯಲ್ಲಿ ಪಂದ್ಯವನ್ನು ಗೆದ್ದುಕೊಟ್ಟವನು ಸೆರ್ಜಿಯೊ ಅಗ್ವೇರೊ. ಬ್ರೂಕ್ ಬಿಟ್ಟುಹೋಗಿದ್ದ 177 ಗೋಲುಗಳ ದಾಖಲೆಯನ್ನು 2017ರಲ್ಲಿ ಮುರಿದವನೂ ಅವನೇ.

1938ರಲ್ಲಿ ಎಂಬತ್ತು ಗೋಲುಗಳು ಎರಡು ಅಂಕಗಳ ಕೊರತೆಯನ್ನು ತುಂಬಲಾರದೆ ಹೋದುವು. 2012ರಲ್ಲಿ ಅಂಕಗಳು ಕೈಗೂಡಿದ್ದುದರಿಂದಲೇ ಗೋಲುಗಳಿಗೆ ಬೆಲೆ ಬಂದಿತು. ಪ್ರತಿಭೆಯೂ ಹೀಗೆಯೇ. ದಿನದಿನದ ಕಟ್ಟುನಿಟ್ಟಾದ ದುಡಿಮೆ ಮೊದಲು ಒಲೆಯನ್ನು ಉರಿಸಬೇಕು. ಹಬ್ಬದ ಅಡಿಗೆ ಆಮೇಲೆ.